ಕಾಲೇಜಿನ ರೇಡಿಯೋ ಕಾಂಪೌಂಡಿನ ಆಚೆಗೂ ಕೇಳಬೇಕು

ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರದಲ್ಲಿ ಕೂದಲಿನ ಕೆಲಸ ಜಾಸ್ತಿ. ಗಂಟು ಗಂಟಾದ ಕೂದಲಿನ ಉಂಡೆ ಬರುತ್ತದೆ. ಹೆಂಗಸರು ಗುಂಪಾಗಿ ಕೂತು ಅದನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ, ಬಾಚುತ್ತಾರೆ, ಉದ್ದ ನೋಡಿ ಬೇರೆ ಬೇರೆ ಮಾಡುತ್ತಾರೆ. ಎರಡೂ ಕೈ, ಎರಡೂ ಕಣ್ಣು ಕೆಲಸದಲ್ಲೇ ಇರುತ್ತವೆ. ಮೊಬೈಲ್ ನೋಡಲು ಆಗುವುದಿಲ್ಲ. ಟಿವಿ ಕಡೆ ತಿರುಗಲೂ ಆಗುವುದಿಲ್ಲ. ಬಿಡುವಾಗಿರುವುದು ಕಿವಿ ಒಂದೇ.

"ಮೇಡಮ್ರೀ, ನಮ್ ಕಾಲೇಜಿಗೂ ಒಂದು ರೇಡಿಯೋ ಮಾಡೋಣ್ರಿ" ಎಂದು ಹುಡುಗರು ಕೇಳಿದಾಗ ನಾನು ಅವರನ್ನು ಮೊದಲು ಕರೆದುಕೊಂಡು ಹೋಗಿದ್ದು ಅಲ್ಲಿಗೆ. ಮೈಕು ಯಾವುದು, ಟವರ್ ಎಷ್ಟು ಎತ್ತರ ಅನ್ನುವುದೆಲ್ಲ ಆಮೇಲಿನ ಮಾತು. ಯಾರ ಕಿವಿಗೆ ಮಾತಾಡುತ್ತೇವೆ ಅನ್ನುವುದು ಮೊದಲು ಗೊತ್ತಿರಬೇಕು, ಅಲ್ವಾ?

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಮ್ಮ ಹುಡುಗರು ಅರ್ಧ ಗಂಟೆ ಸ್ಪೀಕರ್ ರೇಡಿಯೋ ನಡೆಸುತ್ತಾರೆ. ಎಫ್‌ಎಂ ಲೈಸೆನ್ಸಿಗೆ ಕಾಗದ ಪತ್ರ ಜೋಡಿಸುತ್ತಿದ್ದೇವೆ. ಇದೇ ಆಸೆ ಇರುವ ಬೇರೆ ಕಾಲೇಜಿನವರಿಗೆ ದಾರಿ ಸ್ವಲ್ಪ ಸಲೀಸಾಗಲಿ ಎಂದು ನಾವು ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ಲೈಸೆನ್ಸ್ ಸಿಗುವುದು ಯಾವ ಹೆಸರಿನಲ್ಲಿ?

ನಮ್ಮ ದೇಶದಲ್ಲಿ 'ವಿದ್ಯಾರ್ಥಿ ರೇಡಿಯೋ' ಅನ್ನುವ ಬೇರೆ ಲೈಸೆನ್ಸ್ ಇಲ್ಲ. ಕಾಲೇಜಿಗೆ ಸಿಗುವುದು ಸಮುದಾಯ ಬಾನುಲಿ (ಕಮ್ಯುನಿಟಿ ರೇಡಿಯೋ) ಕೇಂದ್ರದ ಅನುಮತಿ. ಅಂದರೆ ಸುತ್ತಲಿನ ಜನರಿಗಾಗಿ ನಡೆಯುವ ಪುಟ್ಟ ಎಫ್‌ಎಂ. ಈ ಒಂದು ವಿಷಯ ಅರ್ಥವಾದರೆ ಉಳಿದ ಎಷ್ಟೋ ನಿಯಮಗಳು ತಾನಾಗಿಯೇ ಅರ್ಥವಾಗುತ್ತವೆ.

ಇದರ ಹಿಂದೆ ಒಂದು ಕಥೆ ಇದೆ. ಅದರಲ್ಲಿ ನಮ್ಮ ನಾಡಿಗೂ ಪಾಲು ಇದೆ. 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಕೇಂದ್ರ ಶುರು ಮಾಡಿದರು. ಅವರು ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು. ಮೊದಲಿಗೆ ಇದ್ದದ್ದು 30 ವ್ಯಾಟಿನ ಟ್ರಾನ್ಸ್‌ಮಿಟರ್. ಆ ಕೇಂದ್ರದ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು. ಕಾಲೇಜಿನವರು ರೇಡಿಯೋ ನಡೆಸಬಹುದಾ ಎಂದು ಯಾರಾದರೂ ಅನುಮಾನ ಪಟ್ಟರೆ ನಾನು ಈ ಮೇಷ್ಟ್ರನ್ನು ನೆನಪಿಸುತ್ತೇನೆ.

ಸ್ವಾತಂತ್ರ್ಯ ಬಂದ ಮೇಲೂ ಬಹಳ ಕಾಲ ರೇಡಿಯೋ ಸರ್ಕಾರದ ಕೈಯಲ್ಲೇ ಇತ್ತು. 1995ರಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ರೇಡಿಯೋ ತರಂಗಗಳು ಸಾರ್ವಜನಿಕರ ಆಸ್ತಿ ಎಂದಿತು. 2002ರ ಕೊನೆಗೆ ಕೇಂದ್ರ ಸರ್ಕಾರ ವಿದ್ಯಾಸಂಸ್ಥೆಗಳಿಗೆ ಬಾಗಿಲು ತೆರೆಯಿತು. 2004ರ ಫೆಬ್ರವರಿ 1ರಂದು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಅಣ್ಣಾ ಎಫ್‌ಎಂ ಶುರುವಾಯಿತು. 2006ರಲ್ಲಿ ಸೇವಾ ಸಂಸ್ಥೆಗಳಿಗೂ ಅವಕಾಶ ಸಿಕ್ಕಿತು. ಆಗಿನಿಂದ ಹಳ್ಳಿಯ ಸಂಸ್ಥೆಯೊಂದರ ರೇಡಿಯೋಗೂ ಕಾಲೇಜಿನ ರೇಡಿಯೋಗೂ ನಿಯಮ ಒಂದೇ.

ಆ ನಿಯಮದಲ್ಲಿ ಎರಡು ಸಾಲು ನನಗೆ ಬಹಳ ಇಷ್ಟ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಸುತ್ತಲಿನ ಜನರನ್ನು ಸೇರಿಸಿಕೊಂಡೇ ಮಾಡಬೇಕು. ಸಾಧ್ಯವಾದಷ್ಟೂ ಅಲ್ಲಿನ ಭಾಷೆಯಲ್ಲಿ, ಅಲ್ಲಿನ ಆಡುಮಾತಿನಲ್ಲಿ ಇರಬೇಕು. ಅಂದರೆ ಕಾಲೇಜು ದಿನಾಚರಣೆಯ ಭಾಷಣ ಮತ್ತು ಸಿನಿಮಾ ಹಾಡು ಹಾಕಿಕೊಂಡು ಕೂರಲು ಈ ಅನುಮತಿ ಕೊಡುವುದಿಲ್ಲ. ಟವರ್ ಕಾಲೇಜಿನದು. ಕೇಂದ್ರ ಮಾತ್ರ ಸುತ್ತಲಿನ ಊರುಗಳದ್ದು.

ನಮ್ಮ ಮಾತು ನಮಗೇ ನಾಚಿಕೆ

ಇಲ್ಲೇ ನಮಗೆ ಮೊದಲ ತೊಡಕು ಎದುರಾಯಿತು. ಮೈಕಿನ ಮುಂದೆ ಕೂತ ತಕ್ಷಣ ಹುಡುಗರ ಮಾತು ಬದಲಾಯಿತು. "ಹಾಯ್ ಫ್ರೆಂಡ್ಸ್, ಹೇಗಿದೀರಾ ಎಲ್ರೂ? ಒಂದು ಸಖತ್ ಟಾಪಿಕ್ ಜೊತೆ ಬಂದಿದೀನಿ" ಎಂದು ಶುರು. ಕ್ಯಾಂಟೀನಿನಲ್ಲಿ ಹಾಗೆ ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಬೆಂಗಳೂರಿನ ಎಫ್‌ಎಂ ಕೇಳಿ ಕೇಳಿ ರೇಡಿಯೋ ಅಂದರೆ ಹೀಗೇ ಮಾತಾಡಬೇಕು ಎಂದುಕೊಂಡಿದ್ದಾರೆ.

ನಾನು ಅವರಿಗೆ ಕವಿರಾಜಮಾರ್ಗದ ವಿಷಯ ಹೇಳಿದೆ. ಒಂಬತ್ತನೇ ಶತಮಾನದ ಆ ಗ್ರಂಥ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ನಾಲ್ಕು ಊರುಗಳ ಹೆಸರು ಹೇಳುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಈ ಕೊಪಣವೇ ನಮ್ಮ ಕೊಪ್ಪಳ. ಒಂದು ಕಾಲದಲ್ಲಿ ಕನ್ನಡದ ತಿರುಳು ಎನಿಸಿಕೊಂಡ ಊರಿನ ಮಕ್ಕಳು ಈಗ ತಮ್ಮ ಮಾತಿಗೆ ತಾವೇ ನಾಚುತ್ತಾರೆ ಎಂದರೆ ನನಗೆ ಸಂಕಟವಾಗುತ್ತದೆ.

ಕೊನೆಗೆ ಒಬ್ಬ ಹುಡುಗಿಗೆ ಹೇಳಿದೆ. "ನಿಮ್ಮವ್ವನ ಜೋಡಿ ಹೆಂಗ ಮಾತಾಡ್ತಿ? ಹಂಗ ಮಾತಾಡು." ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಶುರು ಮಾಡಿದಳು. "ಯವ್ವಾ, ಬಿಸಲು ಭಾಳ ಐತಿ. ಸಣ್ಣ ಹುಡುಗ್ರನ್ನ ಮಧ್ಯಾಹ್ನ ಹೊರಗ ಬಿಡಬ್ಯಾಡ್ರಿ. ಮಜ್ಜಿಗಿ ಕುಡಸ್ರಿ." ಅವತ್ತು ಊಟಕ್ಕೆ ಕೂತಿದ್ದವರು ಮೊದಲ ಸಲ ತಲೆ ಎತ್ತಿ ಸ್ಪೀಕರ್ ಕಡೆ ನೋಡಿದರು.

ಇಲ್ಲಿ ಕನ್ನಡ ಒಂದೇ ಅಲ್ಲ. ತಾಂಡಾಗಳಲ್ಲಿ ಲಂಬಾಣಿ ಇದೆ. ಮನೆಮಾತು ಉರ್ದು, ತೆಲುಗು ಆಗಿರುವವರೂ ಇದ್ದಾರೆ. ಮಂಗಳೂರಿನ ಸೇಂಟ್ ಅಲೋಶಿಯಸ್ ವಿದ್ಯಾಸಂಸ್ಥೆಯ ರೇಡಿಯೋ ಸಾರಂಗ್ 107.8ರಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳ ಕಾರ್ಯಕ್ರಮಗಳೂ ಬರುತ್ತವೆ. ತಾಂಡಾದಿಂದ ಬರುವ ಹುಡುಗ ತನ್ನ ಅಜ್ಜಿಯ ಭಾಷೆಯಲ್ಲಿ ಹದಿನೈದು ನಿಮಿಷ ಮಾತಾಡುವುದನ್ನು ನಾವೂ ಮಾಡಬಹುದು.

ವ್ಯಾಟ್, ಟವರ್ ಮತ್ತು ಗುಡ್ಡ

ಈಗ ಯಂತ್ರದ ಮಾತು. ಸಮುದಾಯ ಬಾನುಲಿಯಲ್ಲಿ ಸಾಮಾನ್ಯವಾಗಿ ಇರುವುದು 50 ವ್ಯಾಟಿನ ಟ್ರಾನ್ಸ್‌ಮಿಟರ್. ಆದರೆ ನಿಯಮದಲ್ಲಿ 100 ವ್ಯಾಟ್ ಎಂದು ಬರೆದಿರುತ್ತದೆ. ನಮ್ಮ ಹುಡುಗರು ಇಲ್ಲೇ ಗೊಂದಲಕ್ಕೆ ಬಿದ್ದರು. ಸಂತೆಯಲ್ಲಿ ತರಕಾರಿ ಮಾರುವವರು ಬಲ್ಬಿನ ಮೇಲೆ ತಗಡಿನ ಟೋಪಿ ಹಾಕಿರುತ್ತಾರೆ, ನೋಡಿದ್ದೀರಲ್ಲ? ಬಲ್ಬು ಅದೇ. ಮೇಲೆ ಸುಮ್ನೆ ಹೋಗುತ್ತಿದ್ದ ಬೆಳಕು ಕೆಳಗೆ ತರಕಾರಿ ಮೇಲೆ ಬೀಳುತ್ತದೆ. ಆಂಟೆನಾ ಮಾಡುವುದೂ ಅದನ್ನೇ. ಆಕಾಶಕ್ಕೆ ಹೋಗುವ ಶಕ್ತಿಯನ್ನು ನೆಲದ ಉದ್ದಕ್ಕೂ ತಿರುಗಿಸುತ್ತದೆ. ಹಾಗಾಗಿ 50 ವ್ಯಾಟ್ ಹಾಕಿದರೂ ಕೇಳುಗರ ಕಡೆಗೆ 100 ವ್ಯಾಟಿನ ಬಲ ಬರುತ್ತದೆ. ಬಯಲು ನೆಲದಲ್ಲಿ ಇದು ಸುಮಾರು 5ರಿಂದ 10 ಕಿಲೋಮೀಟರ್ ದೂರ ಕೇಳಿಸುತ್ತದೆ.

ಟವರಿನ ಎತ್ತರ ನೆಲದಿಂದ 30 ಮೀಟರ್ ದಾಟುವಂತಿಲ್ಲ. 15 ಮೀಟರಿಗಿಂತ ಕಡಿಮೆಯೂ ಇರಬಾರದು. ತೀರಾ ತಗ್ಗಿನಲ್ಲಿದ್ದರೆ ಹತ್ತಿರ ಓಡಾಡುವವರ ಮೈಮೇಲೆ ತರಂಗ ಬೀಳುತ್ತದೆ ಎಂಬುದು ಕಾರಣ.

ಆದರೆ ಕೊಪ್ಪಳದಂಥ ಊರಿನಲ್ಲಿ ವ್ಯಾಟಿಗಿಂತ ದೊಡ್ಡ ವಿಷಯ ಗುಡ್ಡ. ಎಫ್‌ಎಂ ತರಂಗ ಹೆಚ್ಚು ಕಡಿಮೆ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತದೆ. ಬಂಡೆಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಕೋಟೆ ಗುಡ್ಡ, ಗವಿಮಠದ ಗುಡ್ಡ, ಪಾಲ್ಕಿಗುಂಡು, ಎಲ್ಲವೂ ಇಲ್ಲೇ ಇವೆ. ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಜನರಿಗೆ ಮಾತು ಮುಟ್ಟಿಸಲು ಅವನು ಆರಿಸಿಕೊಂಡದ್ದು ಈ ಬಂಡೆಗಳನ್ನೇ. ನಮ್ಮ ಮಾತಿಗೆ ಅವೇ ಅಡ್ಡ. 'ಹಾಗಾದರೆ ಟವರನ್ನು ಗುಡ್ಡದ ಮೇಲೇ ಹಾಕೋಣ' ಎನ್ನುವಂತಿಲ್ಲ. ವಿದ್ಯಾಸಂಸ್ಥೆಗಳು ಟ್ರಾನ್ಸ್‌ಮಿಟರನ್ನೂ ಆಂಟೆನಾವನ್ನೂ ತಮ್ಮ ಮುಖ್ಯ ಕ್ಯಾಂಪಸ್ಸಿನ ಒಳಗೇ ಇಡಬೇಕು ಎಂದು ನಿಯಮವಿದೆ.

ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಕತ್ತಲಾದ ಮೇಲೆ ಕಾಲೇಜಿನ ಮಾಳಿಗೆ ಹತ್ತಿ. ಯಾವ ಯಾವ ಊರಿನ ದೀಪ ಕಾಣುತ್ತವೆ ಎಂದು ಬರೆದುಕೊಳ್ಳಿ. ದೀಪ ಕಾಣುವ ಊರಿಗೆ ನಿಮ್ಮ ದನಿ ಮುಟ್ಟುವ ಸಾಧ್ಯತೆ ಹೆಚ್ಚು. ಕಾಣದ ಕಡೆ ಅನುಮಾನ. ಇದು ಅಂದಾಜು ಅಷ್ಟೇ. ಆದರೂ ನಮ್ಮ ಕೇಳುಗರ ಮೊದಲ ನಕ್ಷೆ ತಯಾರಾದದ್ದು ಹೀಗೆ.

ಇನ್ನೆರಡು ಎಚ್ಚರಿಕೆ. ಆಂಟೆನಾ ಜೋಡಿಸದೆ ಟ್ರಾನ್ಸ್‌ಮಿಟರ್ ಆನ್ ಮಾಡಬೇಡಿ. ಹೊರಗೆ ಹೋಗಲಾರದ ಶಕ್ತಿ ವಾಪಸ್ ಬಂದು ಯಂತ್ರವನ್ನೇ ಸುಡಬಹುದು. ಟವರಿಗೆ ಸಿಡಿಲು ತಡೆಯುವ ಸಲಾಕೆ ಇರಲಿ, ಅರ್ಥಿಂಗ್ ಗಟ್ಟಿಯಾಗಿರಲಿ.

ಲೈಸೆನ್ಸ್ ಬರುವ ತನಕ ಸುಮ್ಮನೆ ಕೂರಬೇಕಾ?

ಬೇಡ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಇದಕ್ಕೆ ಒಳ್ಳೆಯ ಉದಾಹರಣೆ. ಹಳ್ಳಿಗರಿಗೆ ರೇಡಿಯೋ ಲೈಸೆನ್ಸ್ ಸಿಗದಿದ್ದ ಕಾಲ ಅದು. ಅವರು ಕೇಬಲ್ ತಂತಿಯ ಮೂಲಕ ಮನೆಮನೆಗೆ ದನಿ ಕಳಿಸಿದರು. ಗಾಳಿಗೆ ಬಿಡಲಿಲ್ಲ, ತಂತಿಯಲ್ಲಿ ಬಿಟ್ಟರು.

ಕಾಲೇಜಿನ ಒಳಗೆ ಸ್ಪೀಕರ್ ಹಾಕಿಕೊಂಡು ನಡೆಸಲು ಎಫ್‌ಎಂ ಅನುಮತಿ ಬೇಡ. ಇಂಟರ್ನೆಟ್ಟಿನಲ್ಲಿ ಕೇಳಿಸಲೂ ಆ ಅನುಮತಿ ಬೇಕಿಲ್ಲ. ಒಂದು ವರ್ಷ ಹೀಗೆ ನಡೆಸಿ ನೋಡಿ. ವಾರಕ್ಕೆ ಎಷ್ಟು ಕಾರ್ಯಕ್ರಮ ಮಾಡುವ ಶಕ್ತಿ ಇದೆ ಎಂದು ಗೊತ್ತಾಗುತ್ತದೆ. ನಮ್ಮ ಲೆಕ್ಕದಲ್ಲಿ ಐದು ನಿಮಿಷದ ಒಳ್ಳೆಯ ಕಾರ್ಯಕ್ರಮಕ್ಕೆ ಮೂರು ಗಂಟೆ ಕೆಲಸ ಹಿಡಿಯುತ್ತದೆ. ದಿನಕ್ಕೆ ಹನ್ನೆರಡು ಗಂಟೆ ಪ್ರಸಾರ ಎಂದು ಹೊರಟವರು ಈ ಲೆಕ್ಕ ಹಾಕಿ ನೋಡಬೇಕು. ದಿನಕ್ಕೆ ಒಂದು ಗಂಟೆ ಹೊಸದು ಮಾಡಿ. ಅದನ್ನೇ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮತ್ತೆ ಹಾಕಿ. ಬೆಳಗ್ಗೆ ಹೊಲಕ್ಕೆ ಹೋದವರು ಸಂಜೆ ಕೇಳುತ್ತಾರೆ.

ಒಂದನ್ನು ಮಾತ್ರ ಮಾಡಬೇಡಿ. ಆನ್‌ಲೈನಿನಲ್ಲಿ ಅಗ್ಗದ ಟ್ರಾನ್ಸ್‌ಮಿಟರ್ ಸಿಗುತ್ತದೆ. ಅದನ್ನು ತಂದು ಅನುಮತಿ ಇಲ್ಲದೆ ಗಾಳಿಗೆ ಬಿಡುವುದು ಅಪರಾಧ. ಎಫ್‌ಎಂ ಪಟ್ಟಿ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಅದರ ಪಕ್ಕದಲ್ಲೇ ವಿಮಾನಗಳು ಬಳಸುವ ತರಂಗಗಳು ಶುರುವಾಗುತ್ತವೆ. ಕಳಪೆ ಯಂತ್ರದ ದನಿ ಪಕ್ಕಕ್ಕೆ ಸೋರುತ್ತದೆ. ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣ ಇದೆ ಅನ್ನುವುದನ್ನು ನಮ್ಮ ಕಡೆಯವರು ಮರೆಯಬಾರದು.

ಅರ್ಜಿಯ ದಾರಿ ಉದ್ದ. ಆದರೆ ಅರ್ಥವಾಗದ್ದೇನಲ್ಲ. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಒಪ್ಪಿದರೆ ಮೊದಲು ಆಶಯ ಪತ್ರ (ಲೆಟರ್ ಆಫ್ ಇಂಟೆಂಟ್) ಕೊಡುತ್ತಾರೆ. ಆಮೇಲೆ ಟವರಿನ ಜಾಗ, ಎತ್ತರ, ಯಾವ ತರಂಗ ಎಂಬುದಕ್ಕೆ ದೂರಸಂಪರ್ಕ ಇಲಾಖೆಯ ಒಪ್ಪಿಗೆ ಬೇಕು. ಅದಾದ ಮೇಲೆ ಒಪ್ಪಂದ, ಕೊನೆಗೆ ಪ್ರಸಾರದ ಲೈಸೆನ್ಸ್. ವಿಶ್ವವಿದ್ಯಾಲಯಗಳಿಗೂ ಸರ್ಕಾರಿ ವಿದ್ಯಾಸಂಸ್ಥೆಗಳಿಗೂ ಈ ದಾರಿ ಸ್ವಲ್ಪ ಹತ್ತಿರ. ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ, ಲಾಭಕ್ಕಾಗಿ ನಡೆಯುವ ಸಂಸ್ಥೆಗಳಿಗೆ ಕೊಡುವುದಿಲ್ಲ. 2024ರಲ್ಲಿ ನಿಯಮಗಳು ಬದಲಾದವು. ಮೊದಲು ಐದು ವರ್ಷಕ್ಕೆ ಸಿಗುತ್ತಿದ್ದ ಅನುಮತಿ ಈಗ ಹತ್ತು ವರ್ಷಕ್ಕೆ ಸಿಗುತ್ತದೆ. ಕಾರ್ಯಕ್ರಮಗಳ ಸಲಹಾ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಹೆಂಗಸರಿರಬೇಕು. ಗಂಟೆಗೆ 7 ನಿಮಿಷ ಇದ್ದ ಜಾಹೀರಾತು 12 ನಿಮಿಷಕ್ಕೆ ಏರಿತು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿಯಿಂದ 74 ರೂಪಾಯಿ ಆಯಿತು. ಇದರಲ್ಲಿ ಕರೆಂಟ್ ಬಿಲ್, ರಿಪೇರಿ ಸರಿಹೋದರೆ ಸಾಕು. ಸಂಬಳಕ್ಕೆ ಕಾಲೇಜು ಬೇರೆ ದುಡ್ಡು ತೆಗೆದಿಡಲೇಬೇಕು.

ಸುದ್ದಿ ಹೇಳುವಂತಿಲ್ಲ. ಹಾಗಾದರೆ ಏನು ಹೇಳಬಹುದು?

ಸಮುದಾಯ ಬಾನುಲಿ ತನ್ನದೇ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು ಅಷ್ಟೇ. ಈ ನಿಯಮ ನನಗೆ ಒಪ್ಪಿಗೆ ಇಲ್ಲ. ಒಂದು ಊರಿನ ಜನ ಪತ್ರಿಕೆ ತರಬಹುದು. ತಮ್ಮದೇ ಎಫ್‌ಎಂನಲ್ಲಿ ಮಾತ್ರ ತಮ್ಮ ಊರಿನ ಸುದ್ದಿ ಹೇಳಬಾರದು ಅನ್ನುವುದು ಸರಿಯಲ್ಲ. ಆದರೂ ನಿಯಮ ಇರುವ ತನಕ ಪಾಲಿಸಲೇಬೇಕು. ತಪ್ಪಿದರೆ ಹೋಗುವುದು ಇಡೀ ಕೇಂದ್ರ.

ಏನೇನು 'ಸುದ್ದಿ ಅಲ್ಲ' ಎಂದು ಸರ್ಕಾರವೇ ಪಟ್ಟಿ ಮಾಡಿದೆ. ಹವಾಮಾನ, ನೀರು ಮತ್ತು ಕರೆಂಟಿನ ಸೂಚನೆ, ಪರೀಕ್ಷೆ, ಫಲಿತಾಂಶ, ಪ್ರವೇಶ, ಕೆಲಸಕ್ಕೆ ಅರ್ಜಿ ಕರೆದದ್ದು, ಆರೋಗ್ಯದ ಎಚ್ಚರಿಕೆ, ಸಂಚಾರ, ಆಟೋಟ, ಹಬ್ಬ, ಜಾತ್ರೆ. ನಮ್ಮ ಜನರಿಗೆ ದಿನವೂ ಬೇಕಾದದ್ದು ಇದೇ ಅಲ್ವಾ? ಗವಿಸಿದ್ಧೇಶ್ವರ ಜಾತ್ರೆಯನ್ನೇ ತೆಗೆದುಕೊಳ್ಳಿ. ಊರೂರಿನಿಂದ ಜನ ಜೋಳದ ರೊಟ್ಟಿ ಕಟ್ಟಿಕೊಂಡು ದಾಸೋಹಕ್ಕೆ ತರುತ್ತಾರೆ. ಬಸ್ ಎಲ್ಲಿ ನಿಲ್ಲುತ್ತದೆ, ಕುಡಿಯುವ ನೀರು ಎಲ್ಲಿದೆ, ಕಳೆದುಹೋದ ಮಗು ಯಾವ ಟೆಂಟಿನಲ್ಲಿದೆ, ಇಷ್ಟನ್ನು ಸರಿಯಾಗಿ ಹೇಳಿದರೂ ಆ ವಾರ ರೇಡಿಯೋ ಎಲ್ಲರ ಕೈಯಲ್ಲಿರುತ್ತದೆ.

ಪ್ರಸಾರವಾದ ಎಲ್ಲವನ್ನೂ ಮೂರು ತಿಂಗಳು ಕಾಪಾಡಿಡಬೇಕು. ಇದೂ ನಿಯಮ. ನಾನು ಹೇಳುವುದಾದರೆ ಅಳಿಸಲೇಬೇಡಿ.

ಹಾಡು ಎಲ್ಲಿಂದ?

ಸಿನಿಮಾ ಹಾಡು ಪುಕ್ಕಟೆ ಅಲ್ಲ. ಬರೆದವರದ್ದು, ರಾಗ ಹಾಕಿದವರದ್ದು, ಧ್ವನಿಮುದ್ರಣ ಮಾಡಿದ ಕಂಪನಿಯದ್ದು ಬೇರೆ ಬೇರೆ ಹಕ್ಕು ಇರುತ್ತದೆ. ಅನುಮತಿ ಪಡೆದು ದುಡ್ಡು ಕಟ್ಟಿಯೇ ಹಾಕಬೇಕು. ಸ್ಪೀಕರ್ ರೇಡಿಯೋ, ಇಂಟರ್ನೆಟ್ ರೇಡಿಯೋಗೂ ಹಕ್ಕಿನ ಮಾತು ತಪ್ಪಿದ್ದಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಮಾನ್ವಿಯ ಜಗನ್ನಾಥದಾಸರ ಪದದ ಮೇಲೆ ಈಗ ಯಾರ ಹಕ್ಕೂ ಇಲ್ಲ. ಆದರೆ ಅದೇ ಪದವನ್ನು ಒಬ್ಬರು ಇತ್ತೀಚೆಗೆ ಹಾಡಿ ತಂದ ಕ್ಯಾಸೆಟ್ಟಿನ ಮೇಲೆ ಹಕ್ಕು ಇದೆ. ಪದ ಎಲ್ಲರದ್ದು, ಕ್ಯಾಸೆಟ್ಟು ಅವರದ್ದು.

ದಾರಿ ಸುಲಭ. ನೀವೇ ಹಾಡಿಸಿ. ನಮ್ಮ ಕಡೆ ಹಾಡುವವರಿಗೆ ಬರವೇ ಇಲ್ಲ. ದಾಸರ ಪದ, ತತ್ವಪದ, ಮೊಹರಂ ಪದ, ಭಜನೆ, ಬಳ್ಳಾರಿ ಕಡೆಯ ಬಯಲಾಟದ ಹಾಡು. ಹಾಡುವವರಿಂದ ಒಪ್ಪಿಗೆ ಪಡೆಯಿರಿ. ಬರೆಯಲು ಬಾರದವರಾದರೆ "ಪ್ರಸಾರ ಮಾಡ್ರಿ" ಎಂದು ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಕೈಗೆ ಒಂದಿಷ್ಟು ದುಡ್ಡೂ ಕೊಡಿ.

ಬೀಸುವ ಪದ ಹಾಡುವ ಒಬ್ಬ ಅಜ್ಜಿಯನ್ನು ಹುಡುಗರು ಸ್ಟುಡಿಯೋಗೆ ಕರೆತಂದಿದ್ದರು. ಸ್ಟುಡಿಯೋ ಅಂದರೆ ಹಳೆಯ ಸ್ಟೋರ್ ರೂಮು. ಗೋಡೆಗೆ ಕೌದಿ ತೂಗುಹಾಕಿದ್ದೇವೆ. ದಪ್ಪ ಬಟ್ಟೆ ದನಿಯನ್ನು ಹೀರಿಕೊಳ್ಳುತ್ತದೆ, ಗವ್ ಅನ್ನುವುದು ನಿಲ್ಲುತ್ತದೆ. ಮನೆಮನೆಯಲ್ಲಿ ಹಳೆಯ ಕೌದಿ ಇರುವಾಗ ದುಬಾರಿ ಫೋಮ್ ಯಾಕೆ? ಅಜ್ಜಿ ಮೈಕಿನ ಮುಂದೆ ಕೂತರು. ಒಂದು ಸಾಲು ಹಾಡಿದರು, ನಿಂತರು. ಮತ್ತೆ ಶುರು ಮಾಡಿದರು, ಮತ್ತೆ ನಿಂತರು. "ಕಲ್ಲಿಲ್ದ ಹಾಡು ಎಲ್ಲಿಂದ ಬರಬೇಕವ್ವಾ? ಕೈ ತಿರುಗಿದ್ರ ಬಾಯಿ ತಿರುಗತೈತಿ" ಎಂದರು.

ಮರುವಾರ ನಾವೇ ಅವರ ಮನೆಗೆ ಹೋದೆವು. ಬೀಸುಕಲ್ಲಿನ ಮುಂದೆ ಕೂತರು, ಜೋಳ ಹಾಕಿದರು, ಪದ ತಾನಾಗಿ ಬಂತು. ಆದರೆ ರೆಕಾರ್ಡಿನಲ್ಲಿ ಬರೀ ಕಲ್ಲಿನ ಸದ್ದು. ಆಗ ಕಲಿತದ್ದು ಇಷ್ಟು. ಅನೇಕ ಮೈಕುಗಳಿಗೆ ಮುಖ ಬೇರೆ, ಬೆನ್ನು ಬೇರೆ. ಬೆನ್ನಿನ ಕಡೆಯ ಸದ್ದನ್ನು ಅವು ಕಡಿಮೆ ಹಿಡಿಯುತ್ತವೆ. ಮೈಕಿನ ಮುಖವನ್ನು ಅಜ್ಜಿಯ ಬಾಯಿಗೆ, ಬೆನ್ನನ್ನು ಕಲ್ಲಿಗೆ ಮಾಡಿದೆವು. ಬಾಯಿಂದ ಒಂದು ಗೇಣು ದೂರ, ನೇರಕ್ಕಲ್ಲ, ಸ್ವಲ್ಪ ಓರೆ. ನೇರ ಹಿಡಿದರೆ 'ಪ', 'ಬ' ಅಂದಾಗ ಗಾಳಿ ಬಡಿದು ಢಬ್ ಅನ್ನುತ್ತದೆ. ಕಲ್ಲಿನ ಹತ್ತಿರ ಒಂದು ಫೋನ್ ಬೇರೆ ಇಟ್ಟೆವು. ಆಮೇಲೆ ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರ್ ಬಳಸಿ ಎರಡನ್ನೂ ಸೇರಿಸಿದೆವು. ದನಿ ಮುಂದೆ, ಕಲ್ಲು ಹಿಂದೆ.

ರೆಕಾರ್ಡ್ ಮಾಡುವಾಗ ಫ್ಯಾನ್ ಬಂದ್ ಮಾಡಬೇಕು. ನಮ್ಮ ಬೇಸಿಗೆಯಲ್ಲಿ ಅದು ಕಷ್ಟದ ಮಾತು. ಹಾಗಾಗಿ ಏಪ್ರಿಲ್, ಮೇನಲ್ಲಿ ಬೆಳಗ್ಗೆ ಏಳಕ್ಕೇ ಕೆಲಸ ಮುಗಿಸುತ್ತೇವೆ.

ಹುಡುಗರು ಹೋಗುತ್ತಾರೆ, ಕೇಂದ್ರ ಉಳಿಯಬೇಕು

ಕಾಲೇಜು ರೇಡಿಯೋಗಳು ಸೊರಗುವುದು ದುಡ್ಡಿಲ್ಲದೆ ಮಾತ್ರ ಅಲ್ಲ. ಪರೀಕ್ಷೆ ಬರುತ್ತದೆ, ರಜೆ ಬರುತ್ತದೆ. ಚೆನ್ನಾಗಿ ಕಲಿತವರು ಮೂರೇ ವರ್ಷಕ್ಕೆ ಹೊರಟುಹೋಗುತ್ತಾರೆ. ಆಗ ಮೈಕು ಸುಮ್ಮನಾಗುತ್ತದೆ. ಎರಡು ತಿಂಗಳು ಸುಮ್ಮನಿದ್ದ ರೇಡಿಯೋವನ್ನು ಕೇಳುಗರು ಮರೆತುಬಿಡುತ್ತಾರೆ.

ನಮಗೆ ಕಂಡ ಉಪಾಯ ಎಂದರೆ ಊರಿನವರನ್ನು ಅತಿಥಿಗಳಾಗಿ ಕರೆಯದೆ ತಂಡದವರನ್ನಾಗಿ ಮಾಡಿಕೊಳ್ಳುವುದು. ಸ್ವಸಹಾಯ ಸಂಘದ ಇಬ್ಬರು ಹೆಂಗಸರು ಈಗ ರೆಕಾರ್ಡಿಂಗ್ ಕಲಿಯುತ್ತಿದ್ದಾರೆ. ಅವರಿಗೆ ಸೆಮಿಸ್ಟರ್ ಇಲ್ಲ. ರಜೆ ಬಂತೆಂದು ಊರು ಬಿಟ್ಟು ಹೋಗುವುದೂ ಇಲ್ಲ. ಜನವರಿಯಿಂದಲೇ ಬೇಸಿಗೆಯ ಕಾರ್ಯಕ್ರಮಗಳನ್ನು ಕೂಡಿಡುತ್ತೇವೆ. ಮೂರನೇ ವರ್ಷದವರು ರೆಕಾರ್ಡ್ ಮಾಡಲು ಹೊರಟರೆ ಮೊದಲ ವರ್ಷದವರೊಬ್ಬರು ಜೊತೆಗಿರಲೇಬೇಕು.

ಇದಲ್ಲದೆ ಒಂದು ನೋಟ್‌ಬುಕ್ ಇದೆ. ಎಲ್ಲಿ ಯಾರು ಏನು ಹಾಡುತ್ತಾರೆ, ಯಾರಿಗೆ ಯಾವಾಗ ಬಿಡುವು ಎಂದು ಹೋಗಿ ಬಂದವರು ಅದರಲ್ಲಿ ಬರೆಯುತ್ತಾರೆ. ಹೊಸಬರಿಗೆ ಮೈಕು ಕೊಡುವ ಮೊದಲು ಅದನ್ನು ಓದಿಸುತ್ತೇನೆ. ಒಂದು ಪುಟದಲ್ಲಿ ಹೀಗಿದೆ: "ಕಿನ್ನಾಳದ ಗೊಂಬಿ ಮಾಡೋ ಅಜ್ಜ. ಬಣ್ಣ ಹಚ್ಚುವಾಗ ಮಾತಾಡಂಗಿಲ್ಲ. ಒಣಗಾಕ ಇಟ್ಟ ಮ್ಯಾಲ ಭಾಳ ಮಾತಾಡ್ತಾರ. ಅವಾಗ ಹೋಗ್ರಿ."